ಕಂಡ ಬಾವಿಗೆ ನಲವತ್ತೊಂದನೇ ಸಲ

ಟಕ್ ಎಂದು ಒಂದೇ ಸದ್ದು. ತಗಡಿನ ಮುಚ್ಚಳದೊಳಗೆ ದಾಳವೊಂದು ಬಿದ್ದು, ಅರ್ಧ ಸುತ್ತು ಉರುಳಿ ನಿಲ್ಲುತ್ತದೆ. ರಾತ್ರಿ ಹನ್ನೊಂದಕ್ಕೆ ಹತ್ತು ನಿಮಿಷ ಬಾಕಿ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯ ಬಾಗಿಲು ಮುಚ್ಚಿದೆ. ಹೊರಗೆ ಮೆಟ್ಟಿಲ ಮೇಲೆ ಕೂತವರ ಪಾಲಿಗೆ ಬಾಗಿಲಡಿಯ ಬೆಳಕಿನ ಗೆರೆ ಮತ್ತು ಒಳಗಿನ ಸದ್ದು, ಇಷ್ಟೇ. ದಾಳ ನಿಂತ ಮೇಲೆ ಯಾರೋ ಉಸಿರೆಳೆದುಕೊಳ್ಳುತ್ತಾರೆ. ಒಂದು ಕುರ್ಚಿ ಹಿಂದಕ್ಕೆ ಸರಿಯುತ್ತದೆ. "ಅಯ್ಯಯ್ಯೋ, ಬೇಡಮ್ಮಾ!" ಎಂದು ಒಂದು ಗಂಡು ದನಿ. ಆಮೇಲೆ ನಾಲ್ಕೈದು ಜನ ಒಟ್ಟಿಗೆ ಕೂಗಿದ ಕೂಗು. ಅದು ಸಂತೋಷವೋ ಸಂಕಟವೋ, ಹೊರಗಿನಿಂದ ತಿಳಿಯುವುದಿಲ್ಲ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯುತ್ತದೆ. ಮೊದಲು ಹೊರಬರುವವಳು ಕಸದ ಲಾರಿ ಓಡಿಸುವ ಹೆಂಗಸು. ಈ ಕೋಣೆಗೆ ಅವಳು ಬಂದದ್ದು ಇವತ್ತೇ ಮೊದಲು. ಎರಡು ಮೆಟ್ಟಿಲು ಕೆಳಗೆ ಕೂತು ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಏನಾಯಿತು ಎಂದು ಕೇಳಿದರೆ ಹೇಳಲು ಬಾಯಿ ತೆರೆಯುತ್ತಾಳೆ. ಅಷ್ಟರಲ್ಲಿ ಹಿಂದಿನಿಂದ ಇನ್ನೊಂದು ದನಿ ಬರುತ್ತದೆ.

"ಹೇಳ್ಬೇಡ ಕಣೆ. ಇವರಿನ್ನೂ ಆಡಿಲ್ಲ."

ಹಾಗೆಂದವರು ಸೊನ್ನೆಯಕ್ಕ. ವಯಸ್ಸು ಐವತ್ತಮೂರು. ಹಗಲು ಆಸ್ಪತ್ರೆಯ ಬಟ್ಟೆಮನೆಯಲ್ಲಿ ಇಸ್ತ್ರಿ, ಗುರುವಾರ ರಾತ್ರಿ ಈ ಕೋಣೆಯಲ್ಲಿ ನಾಲ್ಕನೆಯ ಕುರ್ಚಿ. ಆಪ್ತರು ಇಟ್ಟ ಈ ಅಡ್ಡಹೆಸರನ್ನು ಅವರು ಬಿರುದಿನಂತೆ ಹೊತ್ತುಕೊಂಡಿದ್ದಾರೆ. ಹದಿನೇಳು ವರ್ಷಗಳಿಂದ, ಆಟ ಮುಗಿದ ಮೇಲೆ ಅವರ ಹಾಳೆಯಲ್ಲಿ 'ಫಲ' ಎಂಬ ಜಾಗದಲ್ಲಿ ಬರೆಯುವುದು ಸೊನ್ನೆಯೇ.

ಆಟದ ಬಗ್ಗೆ ತಿಳಿಯದವರಿಗೆ ನಾಲ್ಕು ಮಾತು ಹೇಳಬೇಕು. ಒಂದು ಮೇಜಿನ ಸುತ್ತ ಜನ ಕೂರುತ್ತಾರೆ. ಒಬ್ಬರು ಕತೆ ನಡೆಸುತ್ತಾರೆ. ಉಳಿದವರು ಒಬ್ಬೊಬ್ಬರೂ ಕಲ್ಪನೆಯ ಒಂದೊಂದು ಪಾತ್ರವಾಗಿ, ಆ ಕತೆಯೊಳಗೆ ನಡೆದು, ಜಗಳವಾಡಿ, ದಾಳ ಉರುಳಿಸಿ, ಗೆಲ್ಲುತ್ತಾರೆ ಅಥವಾ ಸಾಯುತ್ತಾರೆ. ಕತೆ ಒಂದು ಪುಸ್ತಿಕೆಯಲ್ಲಿ ಅಚ್ಚಾಗಿ ಬರುತ್ತದೆ. ಅದಕ್ಕೆ 'ಸಾಹಸ' ಎನ್ನುತ್ತಾರೆ. ಒಂದೇ ಸಾಹಸವನ್ನು ಬೇರೆ ಬೇರೆ ಊರುಗಳ ಇನ್ನೂರೆಪ್ಪತ್ತು ಕೋಣೆಗಳಲ್ಲಿ ಆಡುತ್ತಾರೆ. ಇಲ್ಲಿ ಬೆಳೆಸಿದ ಪಾತ್ರವನ್ನು ಇನ್ನೊಂದು ಊರಿನ ಮೇಜಿಗೂ ಕರೆದೊಯ್ಯಬಹುದು. ಎಲ್ಲವನ್ನೂ ನೋಡಿಕೊಳ್ಳಲು ಒಂದು ಕೇಂದ್ರ ಸಮಿತಿ ಇದೆ. ಸಮಿತಿ ಇದ್ದ ಮೇಲೆ ನಿಯಮಗಳೂ ಇವೆ.

ಆ ನಿಯಮಗಳಲ್ಲಿ ದೊಡ್ಡದು ಮರು-ಆಟದ ನಿಯಮ. ಒಂದು ಸಾಹಸದಿಂದ ಒಬ್ಬರಿಗೆ ಒಂದೇ ಸಲ ಫಲ, ಅಂದರೆ ಪಾತ್ರವನ್ನು ಮೇಲಿನ ಹಂತಕ್ಕೇರಿಸುವ ಅಂಕ. ಎರಡನೇ ಸಲ ಆಡುವವರಿಗೆ ಬಲೆ ಎಲ್ಲಿದೆ, ಮೋಸಗಾರ ಯಾರು ಎಂದು ಮೊದಲೇ ಗೊತ್ತಿರುತ್ತದೆ. ಆದ್ದರಿಂದ ಅವರು ಹೊಸಬರ ಜೊತೆ ಕೂರುವಂತಿಲ್ಲ. ನೋಡಿದವರೂ ಆಡಿದವರ ಲೆಕ್ಕವೇ. ಹಾಗಾಗಿ ಈ ವರದಿಗಾರ್ತಿಗೂ ಸಿಕ್ಕಿದ್ದು ಮೆಟ್ಟಿಲು. "ಕೂತು ಆಡೋದಾದ್ರೆ ಆಡಿ, ಇಲ್ಲಾಂದ್ರೆ ಹೊರಗಿರಿ. ಸುಮ್ನೆ ನೋಡಿ ನಿಮ್ಮ ಮೊದಲ ಸಲಾನ ಹಾಳು ಮಾಡ್ಕೋಬೇಡಿ" ಎಂದು ಸೊನ್ನೆಯಕ್ಕ ಬಾಗಿಲು ಹಾಕಿದ್ದರು.

ನಿಯಮಕ್ಕೆ ಒಂದೇ ಒಂದು ಸಡಿಲಿಕೆ ಉಂಟು. ಮೇಜಿಗೆ ಕನಿಷ್ಠ ನಾಲ್ವರು ಆಟಗಾರರು ಬೇಕು. ಮೂವರೇ ಬಂದರೆ ಆಟ ರದ್ದು. ಅಂಥ ದಿನ ಮೊದಲೇ ಆಡಿದವರೊಬ್ಬರು ನಾಲ್ಕನೆಯವರಾಗಿ ಕೂರಬಹುದು. ಫಲ ಕೇಳಬಾರದು, ಗುಟ್ಟು ಬಿಡಬಾರದು, ದಾರಿ ತೋರಿಸಬಾರದು. ಕಳೆದ ವರ್ಷ ಈ ಕೋಣೆಯಲ್ಲಿ ಐವತ್ತು ಗುರುವಾರ ಮೇಜು ಹಾಕಿದ್ದರು. ಅದರಲ್ಲಿ ಮೂವತ್ತೇಳು ಗುರುವಾರ ಬಂದವರು ಮೂವರೇ. ಹಾಳೆಗಳನ್ನು ಎರಡು ಸಲ ಎಣಿಸಿಯೇ ಈ ಅಂಕಿ ಬರೆಯುತ್ತಿದ್ದೇನೆ. ಮೂವತ್ತೇಳೂ ದಿನ ನಾಲ್ಕನೆಯವರಾಗಿ ಕೂತು ಆಟ ಉಳಿಸಿದವರು ಒಬ್ಬರೇ.

ಮರುದಿನ ಬೆಳಿಗ್ಗೆ ಐದೂವರೆಗೆ ಸೊನ್ನೆಯಕ್ಕ ಬಟ್ಟೆಮನೆಯಲ್ಲಿದ್ದಾರೆ. ಮಲಗಿದ್ದು ನಾಲ್ಕೇ ಗಂಟೆ ಹೊತ್ತು. ಉದ್ದನೆಯ ನೆಲಮಾಳಿಗೆ, ಆರು ಇಸ್ತ್ರಿ ಮೇಜು, ಗೋಡೆಯುದ್ದಕ್ಕೂ ಗುಡುಗುವ ಯಂತ್ರಗಳು. ಒಂದು ಪಾಳಿಗೆ ಒಟ್ಟು ಎಂಟುನೂರು ಹಾಸಿಗೆ ಹೊದಿಕೆ, ಅದರಲ್ಲಿ ಇವರ ಕೈಯಲ್ಲಿ ಮಡಿಕೆಯಾಗುವುದು ನೂರನಲವತ್ತು. ಅಂಚಿಗೆ ಅಂಚು ಕೂಡಿಸಿ, ಎಡಗೈಯಿಂದ ಒಮ್ಮೆ ಸವರಿ ನೋಡಿ, ನಂತರವೇ ಇಸ್ತ್ರಿ ಇಡುತ್ತಾರೆ. ಹೊಲಿಗೆಯಲ್ಲಿ ಸೂಜಿ ಉಳಿದಿದ್ದು ಹೀಗೆ ಎರಡು ಸಲ ಸಿಕ್ಕಿದೆಯಂತೆ.

"ನಿನ್ನೆ ಸತ್ತೆಯಾ, ಬದುಕಿದ್ಯಾ?" ಪಕ್ಕದ ಮೇಜಿನವಳು ಕೇಳುತ್ತಾಳೆ.

"ನಿನ್ನ ಹತ್ರ ಹೇಳ್ತೀನಾ?"

"ಇವಳೊಬ್ಬಳು. ಗಂಡನ ಗುಟ್ಟು ಬೇಕಾದ್ರೆ ಹೇಳ್ತಾಳೆ, ಆಟದ ಬಾವಿ ಗುಟ್ಟು ಹೇಳಲ್ಲ!"

"ಗಂಡಂದು ಏನಿತ್ತು ಗುಟ್ಟು? ಊರಿಗೆಲ್ಲ ಗೊತ್ತಿತ್ತು" ಎಂದು ಸೊನ್ನೆಯಕ್ಕ ಇನ್ನೊಂದು ಹೊದಿಕೆ ಎಳೆದುಕೊಳ್ಳುತ್ತಾರೆ. ನಗು ಯಂತ್ರದ ಸದ್ದನ್ನೂ ಮೀರುತ್ತದೆ.

ಆ ಗಂಡ ಹೋಗಿ ಇಪ್ಪತ್ತೆರಡು ವರ್ಷ. ಸತ್ತದ್ದಲ್ಲ, ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿದ. ಆಗ ಸೊನ್ನೆಯಕ್ಕ ಸಂಜೆ ಹೊತ್ತು ಸೈಕಲ್ ಅಂಗಡಿಯ ಮೇಲಿನ ಕೋಣೆ ಗುಡಿಸುವ ಕೆಲಸವನ್ನೂ ಹಿಡಿದಿದ್ದರು. ಮರುವರ್ಷ ಒಂದು ದಿನ ಮೇಜಿಗೆ ಬಂದವರು ಮೂವರೇ. ಕತೆ ನಡೆಸುವವರು ಶಾಲೆಯಲ್ಲಿ ರೇಖಾಗಣಿತ ಹೇಳುತ್ತಿದ್ದ ಮೇಷ್ಟ್ರು. ಪೊರಕೆ ಹಿಡಿದು ನಿಂತಿದ್ದವರನ್ನು ನೋಡಿ, "ಅದನ್ನ ಮೂಲೆಗಿಟ್ಟು ಇಲ್ಲಿ ಕೂತ್ಕೊಳ್ಳಮ್ಮ" ಎಂದರು.

"ಕೂತೆ. ಅವತ್ತು ನನ್ನ ಪಾತ್ರ ಒಂದು ಕೋಟೆ ಬಾಗಿಲು ಮುರೀತು. ಮನೇಲಿ ನನಗೆ ಡಬ್ಬಿ ಮುಚ್ಚಳ ತೆಗೆಯೋಕೂ ಕೈಯಲ್ಲಿ ಬಲ ಇರ್ಲಿಲ್ಲ, ಅಂಥ ದಿನಗಳು ಅವು. ಹೊರಗೆ ಬಂದಾಗ ಮೆಟ್ಟಿಲು ಇಳಿದಿದ್ದೇ ಗೊತ್ತಾಗ್ಲಿಲ್ಲ ನೋಡಿ."

ಹೊಸಬರಿಗೆಂದು ಇರುವ ಸಾಹಸಗಳು ಮೂವತ್ತೆರಡು. ನಾಲ್ಕು ವರ್ಷದಲ್ಲಿ ಅಷ್ಟನ್ನೂ ಅವರು ಮುಗಿಸಿದರು. ಅವರ ಮೊದಲ ಪಾತ್ರ ಹಂತ ಹಂತವಾಗಿ ಮೇಲೇರಿ ನಿವೃತ್ತಿ ಪಡೆಯಿತು. ಅಲ್ಲಿಗೆ ಸಾಮಾನ್ಯವಾಗಿ ಜನ ಬಿಟ್ಟುಹೋಗುತ್ತಾರೆ. ಇನ್ನು ಸಿಗುವುದು ಏನೂ ಇಲ್ಲವಲ್ಲ. ಸೊನ್ನೆಯಕ್ಕ ಮಾತ್ರ ಹೊಸದೊಂದು ಹಾಳೆ ತೆಗೆದು, ದೀಪ ಹಿಡಿದು ಎಲ್ಲರಿಗಿಂತ ಮುಂದೆ ನಡೆಯುವ ಕುಂಟು ಹೆಂಗಸಿನ ಪಾತ್ರ ಕಟ್ಟಿಕೊಂಡು ನಾಲ್ಕನೆಯ ಕುರ್ಚಿಯಲ್ಲಿ ಕೂತರು. ಮರು-ಆಟದಲ್ಲಿ ಫಲ ಹೇಗೆ ದಾಖಲಾಗದೋ ಹಾಗೆಯೇ ಸಾವೂ ದಾಖಲಾಗದು. ಆ ದೀಪದ ಹೆಂಗಸು ಈವರೆಗೆ ಆರುನೂರ ಹನ್ನೊಂದು ಸಲ ಹೊರಟಿದ್ದಾಳೆ. ಎಷ್ಟೋ ಸಲ ಸತ್ತಿದ್ದಾಳೆ. ಹದಿನೇಳು ವರ್ಷವಾದರೂ ಅವಳು ಮೊದಲ ಹಂತದಲ್ಲೇ ಇದ್ದಾಳೆ.

"ನಮ್ಮಕ್ಕ ಹಗಲು ಕಂಡ ಬಾವೀಲಿ ರಾತ್ರಿ ಬೀಳೋಳು" ಎನ್ನುತ್ತಾಳೆ ಜೊತೆಗಿರುವ ತಂಗಿ. ಎರಡು ಕೋಣೆಯ ಮನೆ, ಒಂದು ಕಿಟಕಿ, ಕಿಟಕಿಯಲ್ಲಿ ತಂಗಿಯ ಹೊಲಿಗೆ ಯಂತ್ರ. "ಕೈ ಕೆಸರು ಇವಳದ್ದು, ಬಾಯಿ ಮೊಸರು ಇನ್ಯಾರದ್ದೋ. ಇಪ್ಪತ್ತೊಂದು ವರ್ಷದಿಂದ ಕೇಳ್ತಾ ಇದೀನಿ, ಏನೇ ಸಿಗುತ್ತೆ ನಿಂಗೆ ಅಂತ."

"ಮೂರು ಜನಕ್ಕೆ ಒಂದು ರಾತ್ರಿ ಸಿಗುತ್ತೆ" ಎಂದು ಅಕ್ಕ ಒಳಕೋಣೆಯಿಂದಲೇ ಉತ್ತರ ಕೊಡುತ್ತಾರೆ.

ತಂಗಿ ಹೇಳುವ ಬಾವಿ ನಿಜಕ್ಕೂ ಇದೆ. 'ಕಲ್ಲುಬಾವಿಯ ಊರು' ಎಂಬ ಸಾಹಸದ ಮುಖಪುಟದಲ್ಲೇ ಅದರ ಚಿತ್ರವಿದೆ. ಅಷ್ಟನ್ನು ಬರೆಯಲು ಅಡ್ಡಿಯಿಲ್ಲ ಎಂದು ಅನುಮತಿ ಸಿಕ್ಕಿದೆ. ಬಾವಿಯೊಳಗೆ ಏನಿದೆ ಎಂಬುದಕ್ಕೆ ಸಿಕ್ಕಿಲ್ಲ. ಈ ಬರಹದ ಒಂದೊಂದು ಸಾಲನ್ನೂ ಮೇಷ್ಟ್ರಿಗೆ ಓದಿ ಹೇಳಿ, ಗುಟ್ಟು ಎಲ್ಲಿಯೂ ಸೋರಿಲ್ಲ ಎಂದು ಖಾತ್ರಿಪಡಿಸಿಕೊಂಡಿದ್ದೇನೆ. ಮೊನ್ನೆಯ ಗುರುವಾರ ಸೊನ್ನೆಯಕ್ಕ ಈ ಸಾಹಸ ಆಡಿದ್ದು ನಲವತ್ತೊಂದನೇ ಸಲ.

ಗೊತ್ತಿದ್ದೂ ಗೊತ್ತಿಲ್ಲದವರಂತೆ ಆಡುವುದು ಹೇಗೆ? ಅದನ್ನು ಅವರು ಒಂದು ತಪ್ಪಿನಿಂದ ಕಲಿತರು. ನಾಲ್ಕನೆಯ ಕುರ್ಚಿಯ ಎರಡನೇ ವರ್ಷ. ಒಬ್ಬ ಬಸ್ ಡ್ರೈವರ್, ಭಾರಿ ಆಳು, ತನ್ನ ಪಾತ್ರವನ್ನು ಮಗುವಿನಂತೆ ಸಾಕಿದ್ದ. ಅವನ ಪಾತ್ರ ನೇರವಾಗಿ ಸಾವಿನ ಕಡೆ ನಡೆಯುತ್ತಿತ್ತು. ಅವನಿಗೆ ಅದು ಮೊದಲ ಆಟ, ಸತ್ತರೆ ದಾಖಲೆಯಲ್ಲೂ ಸತ್ತಂತೆ. ಸೊನ್ನೆಯಕ್ಕನಿಗೆ ತಡೆಯಲಾಗಲಿಲ್ಲ. "ಆ ಕಡೆ ಬೇಡ, ಯಾಕೋ ಗಾಳಿ ಸರಿ ಇಲ್ಲ" ಎಂದುಬಿಟ್ಟರು. ಪಾತ್ರ ಉಳಿಯಿತು.

"ಅವನು ನನ್ನ ಮುಖ ನೋಡಿದ. ಗೊತ್ತಾಗೋಯ್ತು ಅವನಿಗೆ. ಫಲದ ಚೀಟಿ ತಗೊಂಡ, ನಮಸ್ಕಾರ ಅಂದ, ಹೋದ. ಮತ್ತೆ ಈ ಮೆಟ್ಟಿಲು ಹತ್ಲೇ ಇಲ್ಲ. ಜೀವ ಉಳಿಸಿದೆ ಅಂದ್ಕೊಂಡಿದ್ದೆ. ನಾನು ಮಾಡಿದ್ದು ಕಳ್ಳತನ. ಅವನ ಸೋಲು ಅವನದ್ದಾಗಿತ್ತು, ನಾನು ಕದ್ದೆ."

ಅಂದಿನಿಂದ ತಗಡಿನ ಮುಚ್ಚಳ ಬಂತು. ತನಗೆ ಉತ್ತರ ಗೊತ್ತಿರುವ ಪ್ರತಿ ತಿರುವಿನಲ್ಲೂ ಸೊನ್ನೆಯಕ್ಕ ತಮ್ಮ ಬುದ್ಧಿಯನ್ನು ಬದಿಗಿಟ್ಟು ಆ ಮುಚ್ಚಳದಲ್ಲಿ ದಾಳ ಹಾಕುತ್ತಾರೆ. ಸಮ ಬಂದರೆ ಎಡ, ಬೆಸ ಬಂದರೆ ಬಲ. ಮಾತಾಡಬೇಕೋ ಬೇಡವೋ ಎಂಬುದನ್ನೂ ದಾಳವೇ ಹೇಳಬೇಕು. ಎದುರಿನವರು ನೇರವಾಗಿ ಕೇಳಿದರೆ, ದೀಪದ ಹೆಂಗಸಿಗೆ ಕಿವಿ ಮಂದ. ಹಾಗೆಂದು ಅವಳ ಹಾಳೆಯಲ್ಲೇ ಬರೆದಿದೆ. "ಮೊದಮೊದಲು ಅಕ್ಕ ನಾಟಕ ಆಡ್ತಾರೆ ಅನ್ಕೊಂಡಿದ್ದೆ" ಎನ್ನುತ್ತಾನೆ ಗುರುವಾರದ ಖಾಯಂ ಆಟಗಾರ, ಕಚೇರಿಯೊಂದರ ಲಿಫ್ಟ್ ನಡೆಸುವವನು. "ಆಮೇಲೆ ಗೊತ್ತಾಯ್ತು, ಅವರೂ ನಮ್ಮ ಜೊತೆ ನಿಜವಾಗ್ಲೂ ಕತ್ತಲಲ್ಲೇ ಇರ್ತಾರೆ. ಬೇಕಂತ ಹೋಗಿ ಕತ್ತಲಲ್ಲಿ ನಿಂತ್ಕೋತಾರೆ."

ಈಗ ಆ ಕುರ್ಚಿಗೇ ಕುತ್ತು ಬಂದಿದೆ. ಬರುವ ತಿಂಗಳಿಂದ ಮೊದಲೇ ಆಡಿದವರು ಯಾವ ಕಾರಣಕ್ಕೂ ಮೇಜಿಗೆ ಕೂರುವಂತಿಲ್ಲ ಎಂದು ಸಮಿತಿ ಸುತ್ತೋಲೆ ಕಳಿಸಿದೆ. ಮೂವರೇ ಬಂದರೆ ಮೇಜು ಮಡಿಚಿ ಮನೆಗೆ ಹೋಗಬೇಕು. ಸಮಿತಿಯ ಕಾರಣವೂ ಸುಳ್ಳಲ್ಲ. ಕೆಲವು ಕೋಣೆಗಳಲ್ಲಿ ಹಳಬರು ಹೊಸಬರ ಮೂಗುದಾರ ಹಿಡಿದು ಬಲೆಗಳನ್ನೆಲ್ಲ ತಪ್ಪಿಸಿ, ಎರಡೇ ಗಂಟೆಯಲ್ಲಿ ಸಾಹಸ ಮುಗಿಸಿ ಫಲ ಕೊಡಿಸುತ್ತಿದ್ದಾರೆ. "ಅಂಥವರನ್ನ ಹಿಡೀಲಿ, ನಾನೇ ಹಗ್ಗ ಕೊಡ್ತೀನಿ" ಎನ್ನುತ್ತಾರೆ ಸೊನ್ನೆಯಕ್ಕ. "ಕಳ್ಳ ಕನ್ನ ಕೊರೆದ ಅಂತ ಊರಿನ ಬಾಗಿಲೆಲ್ಲ ಕಿತ್ತು ಹಾಕ್ತಾರಾ?"

ಈ ಕೋಣೆಯ ಲೆಕ್ಕ ಸರಳ. ಲಿಫ್ಟಿನವನು, ವಾರಕ್ಕೊಮ್ಮೆ ಗುರುವಾರ ರಜೆ ಇರುವ ಕಾವಲುಗಾರ, ಜೊತೆಗೆ ಬಂದರೆ ಒಬ್ಬರು ಹೊಸಬರು. ಮೊದಲ ಇಬ್ಬರೂ ಬರತೊಡಗಿ ಇನ್ನೂ ವರ್ಷ ತುಂಬಿಲ್ಲ. ಅವರಿಗೆ ಇನ್ನೂ ಆಡಲು ಉಳಿದಿದೆ, ಜೊತೆಗೆ ನಾಲ್ಕನೆಯವರು ಬೇಕು ಅಷ್ಟೇ. ನಾಲ್ಕನೆಯ ಕುರ್ಚಿ ಹೋದರೆ ಗುರುವಾರವೇ ಹೋಯಿತು.

ಮೇಷ್ಟ್ರು ಮೂರು ಪತ್ರ ಬರೆದ ಮೇಲೆ ಸಮಿತಿ ಒಂದು ಕಿಂಡಿ ತೆರೆಯಿತು. ಒಬ್ಬ ಪರೀಕ್ಷಕರು ಬಂದು ಒಂದು ಆಟ ನೋಡುತ್ತಾರೆ. ಸೊನ್ನೆಯಕ್ಕ ದಾರಿ ತೋರಿಸದೆ ಆಡಿದರೆ ಅವರಿಗೆ ವಿಶೇಷ ಅನುಮತಿ. ಅದಕ್ಕೇ ಮೊನ್ನೆಯ ಗುರುವಾರ ಆ ಮುಚ್ಚಿದ ಬಾಗಿಲಿನ ಹಿಂದೆ ಆರನೆಯವರೊಬ್ಬರು ಮೂಲೆಯಲ್ಲಿ ಟಿಪ್ಪಣಿ ಪುಸ್ತಕ ಹಿಡಿದು ಕೂತಿದ್ದರು. ಬೂದು ಸ್ವೆಟರ್, ಎರಡು ಪೆನ್ನು, ಸಾಹಸವನ್ನು ಬಾಯಿಪಾಠ ಬಲ್ಲವರು. ಹೊರಗೆ ಕೇಳಿಸಿದ ಆ ಕೂಗಿನಲ್ಲಿ ಅವರದೇ ದನಿ ಎಲ್ಲರಿಗಿಂತ ಜೋರಾಗಿತ್ತೆಂದು ಕಾವಲುಗಾರ ಆಮೇಲೆ ಚಾಡಿ ಹೇಳಿದ. ಬಾವಿಯ ಹತ್ತಿರ, ನಲವತ್ತು ಆಟಗಳಲ್ಲಿ ಯಾರೂ ಮಾಡದ್ದೊಂದನ್ನು ಕಸದ ಲಾರಿಯವಳು ಮಾಡಿದ್ದಳು. ಸೊನ್ನೆಯಕ್ಕನ ಯಾವ ತಿಳಿವಳಿಕೆಯೂ ಅಲ್ಲಿಂದ ಮುಂದೆ ಕೆಲಸಕ್ಕೆ ಬರಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ಅವರು ಮುಚ್ಚಳವನ್ನು ಬದಿಗೆ ಸರಿಸಿ ಆಡಿದರಂತೆ. ಗೊತ್ತಾಗಿರುವುದು ಇಷ್ಟೇ.

ಆ ರಾತ್ರಿ ಮೆಟ್ಟಿಲ ತುದಿಯಲ್ಲಿ ನಿಂತು ಪರೀಕ್ಷಕರು ಒಂದು ನಮೂನೆ ಕೊಟ್ಟರು.

"ನೀವು ದಾರಿ ತೋರಿಸ್ಲಿಲ್ಲ ಅಂತ ನನ್ನ ವರದಿ ಕಡತದಲ್ಲಿ ಇರುತ್ತೆ. ಆದ್ರೆ ಅನುಮತಿಗೆ ನಿಮ್ಮ ಕೈಬರಹದ ಹೇಳಿಕೆ ಬೇಕು. ನಿಮಗೆ ಮೊದ್ಲೇ ಏನೇನು ಗೊತ್ತಿತ್ತು, ಅಲ್ಲಿ ನೀವೇನು ಮಾಡಿದ್ರಿ, ಕೊನೇಲಿ ಬಾವಿ ಹತ್ರ ಏನಾಯ್ತು, ಎಲ್ಲ ಬರೀರಿ. ಮಾದರಿ ಅಂತ ಅಚ್ಚು ಹಾಕಿ ಎಲ್ಲ ಕೋಣೆಗೂ ಕಳಿಸ್ತೀವಿ. ಶನಿವಾರ ಮಧ್ಯಾಹ್ನದೊಳಗೆ ಸಾಕು."

"ಎಲ್ಲ ಕೋಣೆಗೂ ಅಂದ್ರೆ ಅಲ್ಲಿ ಈ ಸಾಹಸ ಆಡದವರು ಎಷ್ಟು ಜನ ಇದಾರೆ?"

"ಅದನ್ನ ಯಾರು ಲೆಕ್ಕ ಇಟ್ಟಿದಾರೆ ಅಕ್ಕಾ?"

"ಲೆಕ್ಕ ಇಡೋದೇ ನಿಮ್ಮ ಕೆಲಸ ಅಲ್ವಾ ಸ್ವಾಮಿ? ಗುಟ್ಟು ಬಿಡಬಾರ್ದು ಅಂತ ನನಗೆ ಪರೀಕ್ಷೆ. ಪಾಸಾದ್ರೆ ಗುಟ್ಟು ಬಿಡಬೇಕು ಅಂತ ನಮೂನೆ. ಇದ್ಯಾವ ಸೀಮೆ ನ್ಯಾಯ?"

ಪರೀಕ್ಷಕರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ನಾನು ಬರೀ ಪರೀಕ್ಷಕ" ಎಂದರು. ಅವರ ಮುಖದಲ್ಲಿ ಸಂಕೋಚ ಇದ್ದದ್ದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ.

ಶನಿವಾರ ಬೆಳಿಗ್ಗೆ ಒಂಬತ್ತೂವರೆ. ಬಟ್ಟೆಮನೆಯ ಹಿಂಬಾಗಿಲಲ್ಲಿ ಚಹಾ ಬಿಡುವು. ಸೊನ್ನೆಯಕ್ಕನ ಮುಂಗೈಯ ಮೇಲೆ ಬಿಸಿಯುಗಿಯ ಹಳೆ ಕಲೆಗಳು, ಏಪ್ರನ್ ಜೇಬಿನಲ್ಲಿ ಮಡಿಸಿದ ನಮೂನೆ. ಮೇಷ್ಟ್ರು ಕೋಲೂರಿ ಬಂದಿದ್ದಾರೆ. ಲಿಫ್ಟಿನವನು ಅರ್ಧ ಗಂಟೆ ರಜೆ ಕೇಳಿಕೊಂಡು ಬಂದಿದ್ದಾನೆ.

"ನಾಲ್ಕು ಸಾಲು ಗೀಚಿ ಬಿಸಾಕಿ ಅಕ್ಕಾ" ಎನ್ನುತ್ತಾನೆ ಅವನು. "ಒಂದು ಸಾಹಸದ ಗುಟ್ಟು ಹೋದ್ರೆ ಹೋಯ್ತು. ಇನ್ನೂ ಮೂವತ್ತೊಂದಿಲ್ವಾ? ನನಗೆ ವಾರಪೂರ್ತಿ ಒಂದು ಡಬ್ಬಿಯೊಳಗೆ ಮೇಲೆ ಕೆಳಗೆ, ಮೇಲೆ ಕೆಳಗೆ. ಗುರುವಾರ ಒಂದಿನ ನಾನು ಎಲ್ಲಾದ್ರೂ *ಹೋಗ್ತೀನಿ*. ಅದನ್ನೂ ಕಳೀಬೇಡಿ."

ಸೊನ್ನೆಯಕ್ಕ ಅವನ ಕಡೆ ತಿರುಗುತ್ತಾರೆ. ಅವನ ಮಾತು ತಾಗಿದ್ದು ಕಾಣುತ್ತದೆ.

"ನೀನು ಮೊದಲ ಸಲ ಕೋಟೆ ದಾಟಿದ್ದು ನೆನಪಿದ್ಯಾ?"

"ಸಾಯೋವರೆಗೂ ಇರುತ್ತೆ."

"ಹಿಂದಿನ ದಿನ ಯಾರಾದ್ರೂ ಹೇಗೆ ದಾಟೋದು ಅಂತ ಅಚ್ಚು ಹಾಕಿ ಕೈಗೆ ಕೊಟ್ಟಿದ್ರೆ?"

ಅವನು ಚಹಾ ಲೋಟದೊಳಗೆ ನೋಡುತ್ತಾನೆ. ಮೇಷ್ಟ್ರು ಕೆಮ್ಮುತ್ತಾರೆ. "ನಿಯಮ ಅಂದ್ರೆ ನಿಯಮ ಕಣಮ್ಮ, ನಮೂನೆ ತುಂಬ್ಲಿಲ್ಲ ಅಂದ್ರೆ..."

"ನಿಯಮ ನನಗೆ ನೀವೇ ಕಲಿಸಿದ್ದು ಮೇಷ್ಟ್ರೇ. ಆಡದವರಿಗೆ ಹೇಳಬಾರದು. ಅದೊಂದೇ ಸಾಲು. ಅದರ ಕೆಳಗೆ 'ಸಮಿತಿ ಕೇಳಿದ್ರೆ ಹೇಳಬಹುದು' ಅಂತ ಬರೆದಿದ್ರಾ?"

ಅಷ್ಟರಲ್ಲಿ ಆಸ್ಪತ್ರೆಯ ಕಸ ಒಯ್ಯಲು ಲಾರಿ ಹಿಮ್ಮುಖವಾಗಿ ಬಂದು ನಿಲ್ಲುತ್ತದೆ. ಕಿಟಕಿಯಿಂದ ತಲೆ ಹೊರಹಾಕಿದವಳು ಗುರುವಾರದ ಹೊಸಬಳು. ವಿಷಯ ತಿಳಿದು ಅವಳ ಮುಖ ಪೆಚ್ಚಾಗುತ್ತದೆ. "ನನ್ನಿಂದಾನಾ ಇದೆಲ್ಲ? ಬರೀರಿ ಅಕ್ಕಾ. ನಾನು ಮಾಡಿದ್ದು ತಾನೇ, ನನ್ನ ಅಭ್ಯಂತರ ಇಲ್ಲ."

"ನಿನ್ನ ಅಭ್ಯಂತರ ಕೇಳ್ತಿಲ್ಲ ನಾನು. ನೀನು ಆಡಾಯ್ತು, ನಿನ್ನದು ನಿನ್ನ ಹತ್ರ ಇದೆ. ಇನ್ನೊಂದು ಊರಲ್ಲಿ ಇನ್ನೊಬ್ಬಳು ಇರ್ತಾಳೆ, ಇನ್ನೂ ಮೆಟ್ಟಿಲೇ ಹತ್ತಿಲ್ಲ. ಅವಳೂ ಬಾವಿ ಹತ್ರ ಬರ್ತಾಳೆ. ನೀನು ಮಾಡಿದ್ದು ಅವಳಿಗೆ ತಾನಾಗೇ ಹೊಳೀಬೇಕು. ಓದಿ ಮಾಡಿದ್ರೆ ಅದು ಪಾಠ ಒಪ್ಪಿಸಿದ ಹಾಗೆ."

ಹಾಗೆಂದು ಅವರು ಜೇಬಿನಿಂದ ನಮೂನೆ ತೆಗೆದು ಗೋಡೆಗೆ ಒತ್ತಿ ಹಿಡಿದು, ಮೇಷ್ಟ್ರ ಪೆನ್ನು ಇಸಿದುಕೊಂಡು, ಕೆಳಗೆ ಸಹಿ ಹಾಕುತ್ತಾರೆ. ಮೇಲಿನ ಇಪ್ಪತ್ತು ಸಾಲು ಖಾಲಿ. ಕೊನೆಗೆ ಏನೋ ಹೊಳೆದವರಂತೆ ಒಂದೇ ವಾಕ್ಯ ಬರೆಯುತ್ತಾರೆ: 'ತಿಳಿಯಬೇಕೆಂದಿರುವವರು ಬಂದು ಆಡುವುದು.' ಮೇಷ್ಟ್ರು ಅದನ್ನು ಓದಿ, ಮತ್ತೊಮ್ಮೆ ಓದಿ, ಲಕೋಟೆಗೆ ಹಾಕಿ ನಾಲಿಗೆಯಿಂದ ಅಂಟಿಸುತ್ತಾರೆ. ಲಿಫ್ಟಿನವನು ಅದನ್ನು ತಾನೇ ಒಯ್ದು ಮುಟ್ಟಿಸುತ್ತೇನೆ ಎಂದು ಕೈ ಚಾಚುತ್ತಾನೆ.

ಈ ಸಾಲು ಬರೆಯುವ ಹೊತ್ತಿಗೆ ಸಮಿತಿಯಿಂದ ಉತ್ತರ ಬಂದಿಲ್ಲ. ಬಂದರೂ ಅದು ಒಳ್ಳೆಯದಾಗಿರುತ್ತದೆ ಎಂಬ ನಂಬಿಕೆ ಯಾರಿಗೂ ಇದ್ದಂತಿಲ್ಲ.

ಅಕ್ಕನ ಯೋಜನೆ ಮಾತ್ರ ಬದಲಾಗಿಲ್ಲ. "ಗುರುವಾರ ಎಂಟು ಗಂಟೆಗೆ ಹೋಗಿ ಕೂತ್ಕೋತೀನಿ. ಒಂದನೇ ತಾರೀಕು ಆದ್ಮೇಲೂ ಕೂತ್ಕೋತೀನಿ. ಆ ಹಾಳೆಗೆ ಸಮಿತಿ ಮುದ್ರೆ ಬೀಳಲ್ಲ, ಅಷ್ಟೇ ತಾನೇ? ಮುದ್ರೆ ಇಲ್ದೆ ಆಡೋಕೆ ಲಿಫ್ಟಿನವನೂ ಕಾವಲುಗಾರನೂ ಒಪ್ಪಿದಾರೆ. ನನ್ನ ಎಬ್ಬಿಸೋಕೆ ಸಮಿತಿಯಿಂದ ಯಾರಾದ್ರೂ ಮೆಟ್ಟಿಲು ಹತ್ತಿ ಬರಬೇಕಲ್ಲ, ಬರ್ಲಿ. ಬಂದೋರು ಆಡದವರಾಗಿದ್ರೆ ಅವರನ್ನೇ ನಾಲ್ಕನೆಯವರಾಗಿ ಕೂರಿಸ್ತೀನಿ. ನನಗೂ ಒಂದಿನ ರಜೆ."

ಮಧ್ಯಾಹ್ನ ಮನೆಯಲ್ಲಿ ತಂಗಿ ಹೊಲಿಗೆ ಯಂತ್ರ ನಿಲ್ಲಿಸಿ ಕಾದು ಕೂತಿದ್ದಾಳೆ. ಸುದ್ದಿ ಆಗಲೇ ಮುಟ್ಟಿದೆ. ಬೈಯುತ್ತಾಳೆಂದುಕೊಂಡರೆ ಅವಳ ಕುತೂಹಲವೇ ಕೋಪಕ್ಕಿಂತ ದೊಡ್ಡದು.

"ಹೋಗ್ಲಿ ಬಿಡು, ಮಾಡಿದ್ದು ಮಾಡಿದೆ. ನನಗಾದ್ರೂ ಹೇಳೆ. ಆ ಹುಡುಗಿ ಬಾವಿ ಹತ್ರ ಏನ್ ಮಾಡಿದ್ಲು?"

"ನೀನು ಆಡಿದ್ಯಾ?"

"ಇಲ್ಲ. ನಾನ್ಯಾಕೆ ಆಡ್ಲಿ? ಒಡಹುಟ್ಟಿದವಳು ಕಣೆ ನಾನು!"

"ಅದಕ್ಕೇ ಹೇಳಲ್ಲ."

ತಂಗಿ ನನ್ನ ಕಡೆ ತಿರುಗಿ, "ನೋಡಿದ್ರಾ, ಇಂಥವಳ ಜೊತೆ ಬಾಳ್ವೆ ಮಾಡ್ತಿದೀನಿ" ಎನ್ನುತ್ತಾಳೆ. ಸೊನ್ನೆಯಕ್ಕ ಚಪ್ಪಲಿ ಬಿಟ್ಟು, ಗೋಡೆಗೆ ಬೆನ್ನು ಕೊಟ್ಟು, ಕಾಲು ನೀಡಿ ಕೂರುತ್ತಾರೆ. ಕಣ್ಣು ಮುಚ್ಚಿದ್ದರೂ ತುಟಿಯಲ್ಲಿ ನಗು. ಗುರುವಾರ ರಾತ್ರಿಯದನ್ನು ಅವರು ಮತ್ತೆ ನೋಡುತ್ತಿರಬಹುದು.

"ನಿಮ್ಮ ಪೇಪರಲ್ಲಿ ಇದೊಂದು ಮಾತು ಸರಿಯಾಗಿ ಹಾಕಿ" ಎನ್ನುತ್ತಾರೆ ಕಣ್ಣು ತೆರೆಯದೆಯೇ. "ಸಮಿತಿಗೂ ಇಲ್ಲ, ತಂಗಿಗೂ ಇಲ್ಲ, ನಿಮಗೂ ಇಲ್ಲ. ಕುರ್ಚಿ ಹೋದ್ರೂ ಹೋಗ್ಲಿ. ಬಾವಿ ಹತ್ರ ಏನಾಯ್ತು ಅಂತ ನನ್ನ ಬಾಯಿಂದ ಯಾರಿಗೂ ಬರಲ್ಲ."